ಗೋಪುರದ ತುದಿಗೆ ಎಪ್ಪತ್ತೊಂದು ಸಲ

ಹೆಡ್ ಕ್ಲರ್ಕ್ ಆ ಬೆಳಿಗ್ಗೆ ಒಂದೇ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಲಿಫ್ಟಪ್ಪನ ಪ್ರವಾಸ ಮೊದಲ ದಿನವೇ ಮಣ್ಣುಪಾಲಾಗುತ್ತಿರಲಿಲ್ಲ. ಆದರೆ ಹೆಡ್ ಕ್ಲರ್ಕ್ ಬಾಯಿ ಮುಚ್ಚಿಕೊಂಡದ್ದನ್ನು ಕಚೇರಿಯಲ್ಲಿ ಕಂಡವರೇ ಇಲ್ಲ. ಊಟ ಮಾಡುವಾಗಲೂ ಅವರು ಒಂದು ದವಡೆಯಲ್ಲಿ ತುತ್ತನ್ನು ತಡೆದು ನಿಲ್ಲಿಸಿ ಇನ್ನೊಂದು ದವಡೆಯಿಂದ ಮಾತಾಡುವವರು.

ಲಿಫ್ಟಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆರು ಮಹಡಿಯ ಕಚೇರಿಯ ಹಳೇ ಲಿಫ್ಟಿನಲ್ಲಿ ಇಪ್ಪತ್ತಾರು ವರ್ಷದಿಂದ ಹಿಡಿಕೆ ತಿರುಗಿಸುತ್ತ ನಿಂತವನಿಗೆ ಜನ ಇಟ್ಟ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಸುಖವಾಗಿ ಮಲಗಿತ್ತು. ಯಾರಾದರೂ ಅದನ್ನು ಕೂಗಿದರೆ ಅವನೇ ಹಿಂದೆ ತಿರುಗಿ, ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು ನೋಡುತ್ತಿದ್ದ.

ಆ ಲಿಫ್ಟು ಬೀರುವಿಗಿಂತ ಸ್ವಲ್ಪ ದೊಡ್ಡದು, ಅಡುಗೆಮನೆಗಿಂತ ಬಹಳ ಚಿಕ್ಕದು. ಕಿಟಕಿ ಇಲ್ಲ. ಜಾಲರಿ ಬಾಗಿಲಿನಾಚೆ ಗೋಡೆ, ಗೋಡೆಯಾದ ಮೇಲೆ ಮೊಗಸಾಲೆ, ಮೊಗಸಾಲೆಯಾದ ಮೇಲೆ ಮತ್ತೆ ಗೋಡೆ. ಮೂರು ತಿಂಗಳ ಹಿಂದೆ ಅವನು ಕಣ್ಣು ಮಂಜಾಗುತ್ತಿದೆ ಎಂದು ಡಾಕ್ಟರ ಹತ್ತಿರ ಹೋಗಿದ್ದ. ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ಕೆಲಸ ಏನೆಂದು ಕೇಳಿ, ಅಯ್ಯೋ ಪಾಪ ಎಂದು ನಕ್ಕಿದ್ದರು. "ನಿಮ್ಮ ಕಣ್ಣಿಗೆ ದೂರ ಅನ್ನೋದೇ ಮರ್ತುಹೋಗಿದೆ ಕಣ್ರಿ. ಔಷಧಿ ಏನೂ ಬೇಡ. ಎಲ್ಲಾದರೂ ಎತ್ತರಕ್ಕೆ ಹೋಗಿ, ನಿಂತು, ದೂರಕ್ಕೆ ನೋಡಿ. ಕಣ್ತುಂಬ ನೋಡಿ."

ಆ ಮಾತು ಲಿಫ್ಟಪ್ಪನ ಎದೆಗೆ ಇಳಿದುಬಿಟ್ಟಿತು. ಕೊನೆಯ ಸಲ ದೂರಕ್ಕೆ ನೋಡಿದ್ದು ಯಾವಾಗ ಎಂದು ಅವನು ಒಂದು ವಾರ ಯೋಚಿಸಿದ. ನೆನಪಾಗಲಿಲ್ಲ. ಮನೆಯ ಎದುರಿಗೆ ಇನ್ನೊಂದು ಮನೆ. ಬಸ್ಸಿನಲ್ಲಿ ಯಾರದೋ ಬೆನ್ನು. ಕಚೇರಿಯವರು ಸಂಸಾರ ಸಮೇತ ನಾಲ್ಕು ದಿನದ ಪ್ರವಾಸ ಹಾಕಿದ್ದಾರೆ, ಮೊದಲ ದಿನವೇ ಆ ಹೆಸರಾಂತ ಗೋಪುರ, ಅದರ ತುದಿಯಿಂದ ಇಡೀ ನಗರ, ನಗರದಾಚೆ ನದಿ, ನದಿಯಾಚೆ ಬೆಟ್ಟ ಎಲ್ಲ ಕಾಣುತ್ತದಂತೆ ಎಂದು ಗೊತ್ತಾದದ್ದೇ ತಡ, ಅವನು ಎಲ್ಲರಿಗಿಂತ ಮೊದಲು ಹೆಸರು ಬರೆಸಿದ. ಯಾವ ಹೆಸರು ಬರೆಯಬೇಕೆಂದು ಅಲ್ಲೂ ಸ್ವಲ್ಪ ಗೊಂದಲವಾಯಿತು.

ಬೆಳಿಗ್ಗೆ ಒಂಬತ್ತಕ್ಕೆ ಅವರೆಲ್ಲ ಗೋಪುರದ ಬುಡದಲ್ಲಿದ್ದರು. ಲಿಫ್ಟಪ್ಪ ಇಸ್ತ್ರಿ ಹಾಕಿದ ನೀಲಿ ಅಂಗಿ ತೊಟ್ಟು, ಕನ್ನಡಕವನ್ನು ಮೂರು ಸಲ ಒರೆಸಿ, ಮೆಟ್ಟಿಲು ಹತ್ತಿಯೇ ಹೋಗುವುದೆಂದು ತೀರ್ಮಾನಿಸಿದ್ದ. ರಜದಲ್ಲೂ ಲಿಫ್ಟೇ ಎಂದರೆ ಜೀವನಕ್ಕೆ ಅರ್ಥ ಬೇಡವೇ? ಆದರೆ ಮೆಟ್ಟಿಲಿನ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಗಾರೆ ಉದುರುತ್ತಿದೆ, ಪ್ರವೇಶವಿಲ್ಲ ಎಂದು ಬರೆದಿತ್ತು. ಸರಿ, ಲಿಫ್ಟಾದರೆ ಲಿಫ್ಟು, ಒಂದು ಸಲವಾದರೂ ಪ್ರಯಾಣಿಕನಾಗಿ ಮೂಲೆಯಲ್ಲಿ ನಿಲ್ಲೋಣ, ಹಿಡಿಕೆ ತಿರುಗಿಸುವ ಕರ್ಮ ಬೇರೆಯವನದಾಗಲಿ ಎಂದು ಅವನು ಸಾಲಿನಲ್ಲಿ ನಿಂತ.

ಸಾಲು ಅಲ್ಲಾಡಲಿಲ್ಲ. ಒಂಬತ್ತೂಕಾಲು ಆಯಿತು, ಒಂಬತ್ತೂವರೆ ಆಯಿತು. ಗೋಪುರದ ಮ್ಯಾನೇಜರು ಬಾಲಕ್ಕೆ ಬೆಂಕಿ ಬಿದ್ದವರಂತೆ ಬಾಗಿಲಿಗೂ ಕೋಣೆಗೂ ಓಡಾಡುತ್ತಿದ್ದರು. ಲಿಫ್ಟ್ ನಡೆಸುವವನು ಬಂದಿರಲಿಲ್ಲ. ಮನೆಗೆ ಫೋನ್ ಮಾಡಿದರೆ, ಆಗಲೇ ಹೊರಟಾಯಿತಲ್ಲ ಎಂಬ ಉತ್ತರ. ಸಾಲಿನ ಬಾಲ ರಸ್ತೆ ದಾಟಿ ಎದುರಿನ ಔಷಧಿ ಅಂಗಡಿ ಮುಟ್ಟಿತ್ತು.

ಹೆಡ್ ಕ್ಲರ್ಕ್ ಬಾಯಿ ತೆರೆದದ್ದು ಆಗ.

"ಸಾರ್, ಯಾಕೆ ಒದ್ದಾಡ್ತೀರಿ? ನಮ್ಮ ಲಿಫ್ಟಪ್ಪ ಇದಾನೆ. ಇಪ್ಪತ್ತಾರು ವರ್ಷದ ಸರ್ವೀಸು. ಕಣ್ಣು ಮುಚ್ಚಿಕೊಂಡು ನಡೆಸ್ತಾನೆ."

ಲಿಫ್ಟಪ್ಪನಿಗೆ ನಿಂತ ನೆಲ ಒಂದು ಗೇಣು ಕೆಳಗಿಳಿದಂತಾಯಿತು. ಅವನು ಬಗ್ಗಿ ಚಪ್ಪಲಿ ಸರಿಪಡಿಸಿಕೊಳ್ಳುವವನಂತೆ ನಟಿಸಿದ. ಉಪಯೋಗವಾಗಲಿಲ್ಲ. ಟೈಪಿಸ್ಟ್ ಮೇಡಂ ಅವನ ತೋಳು ಹಿಡಿದು ಎಬ್ಬಿಸಿ, ಇವರೇ, ಬಹಳ ನಾಚಿಕೆ ಸ್ವಭಾವ, ನೀವೇ ಸ್ವಲ್ಪ ಬಲವಂತ ಮಾಡಬೇಕು ಎಂದು ಮ್ಯಾನೇಜರಿಗೆ ಒಪ್ಪಿಸಿದರು. ಮ್ಯಾನೇಜರು ಎರಡೂ ಕೈ ಹಿಡಿದುಕೊಂಡರು. ಒಂದೇ ಒಂದು ಟ್ರಿಪ್ಪು, ಹೆಚ್ಚೆಂದರೆ ಹತ್ತು ನಿಮಿಷ, ನಮ್ಮವನು ಬಂದುಬಿಡುತ್ತಾನೆ, ನೀವು ಹೇಗೂ ಮೇಲೆ ಹೋಗುವವರೇ ತಾನೆ ಎಂದರು.

ಕೊನೆಯ ಮಾತಿನಲ್ಲಿ ನ್ಯಾಯವಿತ್ತು. ಹೇಗೂ ಮೇಲೆ ಹೋಗುವವನೇ. ಲಿಫ್ಟಪ್ಪ ಒಪ್ಪಿದ. ಹೆಂಡತಿ ಮಾತ್ರ ಮೆಲ್ಲಗೆ, "ರೀ, ನೀವು ಸುಮ್ನೆ ಸಿಕ್ಕಿಹಾಕ್ಕೊತೀರ ನೋಡಿ" ಅಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹೇಳಿದ ಇಂಥ ಮಾತುಗಳೆಲ್ಲ ನಿಜವಾಗಿದ್ದವು. ಅದಕ್ಕೇ ಅವನು ಅವನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಲಿಫ್ಟು ಅವನ ಕಚೇರಿಯ ಲಿಫ್ಟಿನ ಜೊತೆ ಹುಟ್ಟಿದಂತಿತ್ತು. ಅದೇ ಜಾಲರಿ ಬಾಗಿಲು, ಅದೇ ಹಿತ್ತಾಳೆ ಹಿಡಿಕೆ. ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ಕೆಳಗೆ, ನಡುವೆ ತಂದರೆ ನಿಲುಗಡೆ. ಎರಡು ಗೇಣು ಮೊದಲೇ ಹಿಡಿಕೆ ನಡುವೆ ತರಬೇಕು, ಇಲ್ಲದಿದ್ದರೆ ಮಹಡಿ ದಾಟಿ ನಿಲ್ಲುತ್ತದೆ. ಒಂದು ಸಲಕ್ಕೆ ಎಂಟು ಜನ. ಅವನು ಮುಖಗಳನ್ನು ನೋಡುವ ಪೈಕಿಯವನಲ್ಲ. ತಲೆ ಎಣಿಸುತ್ತಿದ್ದ, ಅಷ್ಟೆ. ಎಂಟು ತಲೆ ಎಣಿಸಿ, ಬಾಗಿಲೆಳೆದು, ಹಿಡಿಕೆ ತಿರುಗಿಸಿದ.

ತುದಿಯಲ್ಲಿ ಲಿಫ್ಟು ನಿಂತದ್ದು ಒಂದು ಸಣ್ಣ ಕಲ್ಲಿನ ಕೋಣೆಯಲ್ಲಿ. ಬಾಗಿಲಿಗೆ ಎದುರಾಗಿ ಗೋಡೆ. ಗೋಡೆಯ ಮೇಲೆ ಒಂದು ಫಲಕ: ಇಲ್ಲಿ ಉಗುಳಬಾರದು. ಗೋಡೆಯ ಮೇಲೆ ಹೆಸರು ಕೆತ್ತಬಾರದು. ಎಡಕ್ಕೆ ತಿರುಗಿ ಹನ್ನೆರಡು ಹೆಜ್ಜೆ ನಡೆದರೆ ಬಾಲ್ಕನಿ. ಆ ಕಡೆಯಿಂದ ಒಂದು ಪಟ್ಟಿಯಷ್ಟು ಬಿಸಿಲು ಬಂದು ನೆಲದ ಮೇಲೆ ಬಿದ್ದಿತ್ತು. ಜನ ಆ ಬಿಸಿಲನ್ನು ತುಳಿದುಕೊಂಡು ಮೂಲೆ ತಿರುಗಿ ಮಾಯವಾದರು. ಮರುಕ್ಷಣ ಅಲ್ಲಿಂದ ಆಹಾ, ಓಹೋ ಎಂಬ ಸದ್ದು ಬಂತು.

ಲಿಫ್ಟಪ್ಪ ಒಂದು ಕಾಲು ಹೊರಗಿಟ್ಟ. ಟೈಪಿಸ್ಟ್ ಮೇಡಂ ಓಡಿಬಂದರು. ಚೀಲ ಕೆಳಗೇ ಬಿಟ್ಟಿದ್ದರು. ಅದರಲ್ಲಿ ಎಲ್ಲಾ ಇತ್ತು. ಎಲ್ಲಾ ಎಂದರೆ ಏನು ಎಂದು ಕೇಳುವಷ್ಟರಲ್ಲಿ ಅವರು ಲಿಫ್ಟಿನ ಒಳಗಿದ್ದರು.

ಕೆಳಗೆ ಹೋದರೆ ಬಾಗಿಲ ಮುಂದೆ ಮುಂದಿನ ಎಂಟು ಜನ ಸಿದ್ಧರಾಗಿದ್ದರು. ಅವರನ್ನು ಬಿಟ್ಟು ಬರುವುದು ಹೇಗೆ? ಹತ್ತಿಸಿಕೊಂಡ. ಮೇಲೆ ಹೋದರೆ ಮೊದಲು ಬಂದವರಲ್ಲಿ ಮೂವರು ನೋಡಿ ಮುಗಿಸಿ ಕಾಯುತ್ತಿದ್ದರು. ಮೆಟ್ಟಿಲು ಬಂದ್ ಆಗಿರುವಾಗ ಮೇಲೆ ಕರೆತಂದವರನ್ನು ಕೆಳಗಿಳಿಸದೆ ಇರುವುದುಂಟೆ? ಇಳಿಸಿದ. ಕೆಳಗೆ ಮತ್ತೆ ಎಂಟು ಜನ. ಮೂರನೆಯ ಟ್ರಿಪ್ಪಿನ ಹೊತ್ತಿಗೆ ಅವನಿಗೆ ವಿಷಯ ಅರ್ಥವಾಯಿತು. ಮೇಲಿನವರು ಇರುವ ತನಕ ಅವನು ಕೆಲಸ ಬಿಡುವ ಹಾಗಿಲ್ಲ, ಕೆಳಗಿನವರು ಇರುವ ತನಕ ಮೇಲಿನವರು ಮುಗಿಯುವ ಹಾಗಿಲ್ಲ. ಇದು ಹಗ್ಗವೇ ಇಲ್ಲದ ಗಾಣವಾಗಿತ್ತು.

ನಾಲ್ಕನೆಯ ಟ್ರಿಪ್ಪಿಗೆ ಮ್ಯಾನೇಜರು ಒಂದು ಖಾಕಿ ಕೋಟು ಮತ್ತು ಟೋಪಿ ತಂದರು. ನೀಲಿ ಅಂಗಿಯವನು ಯಾರು, ಇವನ ಕೈಗೆ ಜೀವ ಕೊಡಬಹುದೇ ಎಂದು ಜನ ಕೇಳುತ್ತಿದ್ದಾರಂತೆ. ಕೋಟು ಅವನಿಗಿಂತ ಎರಡು ಅಳತೆ ದೊಡ್ಡದಿತ್ತು, ಟೋಪಿ ಕಿವಿಯ ಮೇಲೆ ಕೂತಿತು. ತೊಟ್ಟುಕೊಂಡದ್ದೇ ಅವನನ್ನು ಯಾರೂ ನೋಡದಂತಾದರು. ಹೆಡ್ ಕ್ಲರ್ಕೇ ಒಂದು ಸಲ ಹತ್ತಿ, ತುದಿ ಬಂದಾಗ ಲಿಫ್ಟಪ್ಪನೆಂದು ಗೊತ್ತಾಗದೆ, "ಥ್ಯಾಂಕ್ಸ್ ಕಣಪ್ಪಾ" ಎಂದು ಇಳಿದುಹೋದರು.

ಆರನೆಯ ಟ್ರಿಪ್ಪಿನಲ್ಲಿ ಹೆಂಡತಿ ಬಂದಳು. ಗಂಡ ಕೆಲಸ ಮಾಡುವುದನ್ನು ಅವಳು ನೋಡಿದ್ದೇ ಇಲ್ಲ. ಅವಳಿಗೆ ಗೊತ್ತಿದ್ದುದು ಬೆಳಿಗ್ಗೆ ಡಬ್ಬಿ ಹಿಡಿದು ಹೋಗುವವನು, ಸಂಜೆ ಕಾಲು ನೀವಿಕೊಳ್ಳುವವನು. ಅವಳು ಮೂಲೆಯಲ್ಲಿ ನಿಂತು, ಅವನ ಕೈ ಹಿಡಿಕೆಯ ಮೇಲೆ ಹಗುರಾಗಿ ಕೂತಿರುವುದನ್ನು, ಲಿಫ್ಟು ಒಂದು ಕೂದಲೆಳೆ ಹೆಚ್ಚುಕಡಿಮೆಯಾಗದೆ ನೆಲಕ್ಕೆ ಸಮನಾಗಿ ನಿಂತದ್ದನ್ನು ನೋಡಿದಳು. ಪಕ್ಕದ ಹೆಂಗಸಿಗೆ ಮೆಲ್ಲಗೆ, "ನಮ್ಮ ಯಜಮಾನ್ರು" ಅಂದಳು. ಆ ಹೆಂಗಸು, ಓ ಇಲ್ಲೇ ಕೆಲಸವಾ, ಹಾಗಾದರೆ ನೀವು ದಿನಾ ನೋಡಬಹುದು ಬಿಡಿ ಎಂದಳು.

ಇಳಿಯುವಾಗ ಹೆಂಡತಿ, "ನೀವೂ ಬನ್ನಿ ರೀ, ಒಂದ್ನಿಮಿಷ" ಎಂದು ಕರೆದಳು. ಕೆಳಗಿನಿಂದ ಯಾರೋ ಗಂಟೆ ಬಾರಿಸಿದರು. ಇಪ್ಪತ್ತಾರು ವರ್ಷದಲ್ಲಿ ಲಿಫ್ಟಪ್ಪನ ಕೈ ಅವನ ಮಾತಿಗಿಂತ ಗಂಟೆಯ ಮಾತನ್ನೇ ಹೆಚ್ಚು ಕೇಳುತ್ತಿತ್ತು. ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ಕೈ ತಾನಾಗಿ ಬಾಗಿಲು ಎಳೆದಿತ್ತು. ಜಾಲರಿಯ ಹಿಂದೆ ಹೆಂಡತಿಯ ಮುಖ, ಆಮೇಲೆ ಸೆರಗು, ಆಮೇಲೆ ಕಾಲು ಮೇಲಕ್ಕೆ ಏರಿ ಮರೆಯಾದವು.

ಹನ್ನೊಂದು ಗಂಟೆಗೆ ಮ್ಯಾನೇಜರು ದೂರಿನ ಪುಸ್ತಕ ಹಿಡಿದು ಬಂದರು. ಯಾರೋ ಒಬ್ಬರು ಬರೆದಿದ್ದರು: ಗೋಪುರ ಸೊಗಸಾಗಿದೆ, ಆದರೆ ಲಿಫ್ಟಿನವನ ಮುಖ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಲಿಫ್ಟಪ್ಪ ಎರಡು ಸಲ ಓದಿದ. ಮ್ಯಾನೇಜರು ಬಹಳ ಮರ್ಯಾದೆಯಿಂದಲೇ, ತಪ್ಪು ತಿಳಿಯಬೇಡಿ, ಇಲ್ಲಿಗೆ ಬರುವವರೆಲ್ಲ ಸಂತೋಷಕ್ಕೆ ಬರುವವರು, ಸ್ವಲ್ಪ ನಗುಮುಖ ಇಟ್ಟುಕೊಂಡರೆ ಒಳ್ಳೆಯದು ಎಂದು ಬುದ್ಧಿ ಹೇಳಿದರು. ನಿಮ್ಮವನು ಎಲ್ಲಿ ಎಂದು ಲಿಫ್ಟಪ್ಪ ಕೇಳಿದ. ಇನ್ನೇನು ಬರುತ್ತಾನೆ ಎಂದು ಮ್ಯಾನೇಜರು ರಸ್ತೆಯ ಕಡೆ ಕೈ ತೋರಿಸಿದರು. ರಸ್ತೆಯಲ್ಲಿ ಒಂದು ನಾಯಿ ಮಲಗಿತ್ತು.

ಅಲ್ಲಿಂದ ಮುಂದೆ ಲಿಫ್ಟಪ್ಪ ಹಲ್ಲು ಕಾಣುವಂತೆ ಮುಖ ಮಾಡಿಕೊಂಡ. ಅದನ್ನು ನೋಡಿ ಇಬ್ಬರು ಮಕ್ಕಳು ಅತ್ತರು.

ಮಧ್ಯಾಹ್ನ ಒಂದು ಬನ್ನು, ಒಂದು ಲೋಟ ಚಹಾ ಲಿಫ್ಟಿಗೇ ಬಂತು. ಬನ್ನು ಅರ್ಧ ತಿಂದಿದ್ದಾಗ ಒಳಗೆ ಕಾಲಿಟ್ಟವರು ಮೇಲಿನ ಇಲಾಖೆಯ ಸಾಹೇಬರು. ಹೇಳದೆ ಕೇಳದೆ ತಪಾಸಣೆಗೆ ಬಂದಿದ್ದರು. ಅವರ ಹಿಂದೆ ಮ್ಯಾನೇಜರು ಬಿಳಚಿಕೊಂಡು ನಿಂತಿದ್ದರು. ಹೊರಗಿನವನ ಕೈಗೆ ಲಿಫ್ಟು ಕೊಟ್ಟದ್ದು ತಿಳಿದರೆ ಅವರ ಕೆಲಸಕ್ಕೆ ಸಂಚಕಾರ. ಲಿಫ್ಟಪ್ಪನ ಕಡೆ ನೋಡಿ ಕಣ್ಣಲ್ಲೇ ಕೈ ಮುಗಿದರು. ಲಿಫ್ಟಪ್ಪ ಬನ್ನನ್ನು ಇಡಿಯಾಗಿ ನುಂಗಿದ.

ಸಾಹೇಬರು ಮೇಲೆ ಹೋಗಿ, ಹತ್ತು ನಿಮಿಷ ನಿಂತು, ಇಳಿಯುವಾಗ ಕೇಳಿದರು. "ಉತ್ತರಕ್ಕೆ ಒಂದು ಬೆಟ್ಟ ಕಾಣುತ್ತಲ್ಲ, ಆನೆ ಮಲಗಿದ ಹಾಗೆ. ಅದರ ಹೆಸರೇನು?"

"ಗೊತ್ತಿಲ್ಲ ಸಾರ್."

"ಅದರ ಪಕ್ಕದ ಕೆರೆ?"

"ನೋಡಿಲ್ಲ ಸಾರ್."

"ಎಷ್ಟು ವರ್ಷ ಆಯ್ತು ಸರ್ವೀಸು?"

ಲಿಫ್ಟಪ್ಪ ಸುಳ್ಳು ಹೇಳುವ ಜಾತಿಯವನಲ್ಲ. "ಇಪ್ಪತ್ತಾರು ವರ್ಷ ಸಾರ್."

ಇಪ್ಪತ್ತಾರು ವರ್ಷದಿಂದ ದಿನಾ ಮೇಲೆ ಹೋಗಿ ಬರುವವನಿಗೆ ಕಣ್ಣೆದುರಿನ ಬೆಟ್ಟ ಗೊತ್ತಿಲ್ಲ, ಕೆರೆ ಗೊತ್ತಿಲ್ಲ, ಇಂಥವರನ್ನು ಇಟ್ಟುಕೊಂಡು ನಾವು ಪ್ರವಾಸಿಗರನ್ನು ಕರೆಯುತ್ತೇವೆ ಎಂದು ಸಾಹೇಬರು ನೊಂದುಕೊಂಡರು. ಇವನಿಗೆ ಈಗಲೇ ಒಂದು ಮೆಮೊ ಕೊಡಿ ಎಂದು ಆಜ್ಞೆ ಮಾಡಿ ಕೆಳಗೆ ಬಾಗಿಲ ಬಳಿಯೇ ಕುರ್ಚಿ ಹಾಕಿಸಿಕೊಂಡು ಕೂತರು. ಮ್ಯಾನೇಜರು ಮೆಮೊ ಬರೆದರು. ಹೆಸರಿನ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ ಲಿಫ್ಟ್ ನೌಕರ ಎಂದು ಬರೆದರು. ಲಿಫ್ಟಪ್ಪ ಸಹಿ ಮಾಡಿದ. ಸ್ವಂತ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಒಂದು ಮೆಮೊ ಪಡೆಯದವನು, ರಜೆ ಹಾಕಿ ಬಂದು, ಬೇರೆಯವರ ಕಚೇರಿಯಲ್ಲಿ, ಬೇರೆಯವನ ಕೋಟು ತೊಟ್ಟು ಮೆಮೊ ಪಡೆದ. ಅದೂ ಮೇಲೆ ನಿಂತು ನೋಡಲಿಲ್ಲ ಎಂಬ ಕಾರಣಕ್ಕೆ.

ಸಹಿ ಮಾಡುವಾಗ ಅವನ ಕಣ್ಣು ನಿಜವಾಗಿಯೂ ಮಂಜಾಯಿತು. ಸಾಹೇಬರು ಅದನ್ನು ಪಶ್ಚಾತ್ತಾಪ ಎಂದುಕೊಂಡು ಸಮಾಧಾನಪಟ್ಟು ಹೊರಟುಹೋದರು.

ಈ ಸುದ್ದಿ ಹೆಡ್ ಕ್ಲರ್ಕಿಗೆ ಮುಟ್ಟಿತು. ಬಾಯಿ ದೊಡ್ಡದಾದರೂ ಮನಸ್ಸು ಕೆಟ್ಟದ್ದಲ್ಲ. ಮೂರು ಗಂಟೆಗೆ ಅವರು ಲಿಫ್ಟು ಹತ್ತಿ, ಮೇಲೆ ಹೋದ ಮೇಲೆ ಇಳಿಯದೆ ನಿಂತರು. "ಹೋಗಯ್ಯಾ, ನೋಡ್ಕೊಂಡು ಬಾ. ಹಿಡಿಕೆ ನಾನು ಹಿಡ್ಕೊಂಡಿರ್ತೀನಿ. ಇದರಲ್ಲೇನಿದೆ ಮಹಾ."

ಇದರಲ್ಲಿ ಏನಿದೆ ಎಂದು ಹೇಳಲು ಲಿಫ್ಟಪ್ಪನಿಗೆ ಒಂದು ಗಂಟೆ ಬೇಕಾಗಿತ್ತು. ಹೇಳಲಿಲ್ಲ. ಹಿಡಿಕೆ ಮುಟ್ಟಬೇಡಿ ಸಾರ್, ಬರೀ ನಿಂತಿರಿ ಅಂತಷ್ಟೇ ಹೇಳಿ ಹೊರಬಿದ್ದ. ನೆಲ ಅಲ್ಲಾಡದೆ ನಿಂತಿತ್ತು. ಅವನು ಎಡಕ್ಕೆ ತಿರುಗಿದ. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು. ಗಾಳಿ ಮುಖಕ್ಕೆ ತಾಕಿತು. ನಾಲ್ಕನೆಯ ಹೆಜ್ಜೆ ಎತ್ತಿದ್ದಾಗ ಬೆನ್ನ ಹಿಂದೆ ಜಾಲರಿ ಬಾಗಿಲು ಢಣ್ ಎಂದು ಮುಚ್ಚಿದ ಸದ್ದು ಕೇಳಿಸಿತು.

ಕೆಳಗಿಳಿಯುವ ಆತುರದಲ್ಲಿದ್ದ ಆರು ಜನ ಲಿಫ್ಟಿಗೆ ನುಗ್ಗಿ, ನಿಂತುಕೊಂಡು ಏನು ನೋಡ್ತಿದೀರಿ, ನಡೀರಿ ಎಂದಿದ್ದರು. ಹೆಡ್ ಕ್ಲರ್ಕಿಗೆ ಬೇಡ ಎನ್ನುವುದು ಗೊತ್ತಿರಲಿಲ್ಲ. ಹಿಡಿಕೆಯನ್ನು ಎಡಕ್ಕೆ ತಿರುಗಿಸಿದರು, ಗಾಬರಿಯಾಗಿ ಬಲಕ್ಕೆ ತಿರುಗಿಸಿದರು, ಆಮೇಲೆ ಕೈಯನ್ನೇ ಬಿಟ್ಟರು. ಲಿಫ್ಟು ಹದಿನೈದು ಅಡಿ ಕೆಳಗೆ, ಸುತ್ತಲೂ ಕಲ್ಲಿನ ಗೋಡೆಯಿರುವ ಜಾಗದಲ್ಲಿ, ಮುನಿಸಿಕೊಂಡ ಕತ್ತೆಯ ಹಾಗೆ ನಿಂತಿತು.

ಲಿಫ್ಟಪ್ಪ ಓಡಿಬಂದು ನೆಲದ ಮೇಲೆ ಬೋರಲು ಮಲಗಿದ. ಜಾಲರಿಗೆ ಕೆನ್ನೆ ಒತ್ತಿ ಕತ್ತಲೊಳಗೆ ಕೂಗಿ ಕೂಗಿ ಹೇಳಿಕೊಟ್ಟ. ಮೊದಲು ಹಿಡಿಕೆ ನಡುವೆ ತನ್ನಿ, ಇಪ್ಪತ್ತು ಎಣಿಸಿ, ಈಗ ಬಲಕ್ಕೆ ಸ್ವಲ್ಪ. ಸ್ವಲ್ಪ ಎಂದರೆ ಎಷ್ಟು ಎಂದು ಕೆಳಗಿನಿಂದ ಪ್ರಶ್ನೆ. ಬಾಗಿಲು ಸರಿಯಾಗಿ ಮುಚ್ಚಿದೆಯಾ ನೋಡಿ ಎಂದರೆ, ಯಾವ ಬಾಗಿಲು ಎಂಬ ಪ್ರಶ್ನೆ. ಒಳಗಿದ್ದ ಒಬ್ಬ ಮುದುಕರು ತಮ್ಮ ಮಕ್ಕಳಿಗೆ ಹೇಳಬೇಕಾದ ಕೊನೆಯ ಮಾತುಗಳನ್ನು ಪಕ್ಕದವರ ಹತ್ತಿರ ಹೇಳತೊಡಗಿದ್ದರು. ಬಾಲ್ಕನಿಯಲ್ಲಿದ್ದ ಜನ ನದಿ ಬಿಟ್ಟು, ಬೆಟ್ಟ ಬಿಟ್ಟು, ಬೋರಲು ಮಲಗಿದ ಲಿಫ್ಟಪ್ಪನ ಸುತ್ತ ನೆರೆದು ಫೋಟೊ ತೆಗೆದುಕೊಂಡರು. ನಲವತ್ತು ನಿಮಿಷವಾದ ಮೇಲೆ ಲಿಫ್ಟು ಗೊಣಗುತ್ತ ಮೇಲೆ ಬಂತು. ಹೆಡ್ ಕ್ಲರ್ಕ್ ಬೆವರಿನಲ್ಲಿ ತೊಪ್ಪೆಯಾಗಿ ಹೊರಬಂದು, ಜೀವಮಾನದಲ್ಲಿ ಮೊದಲ ಬಾರಿಗೆ, ಏನೂ ಮಾತಾಡದೆ ಗೋಡೆಗೆ ಒರಗಿ ಕೂತರು. ಕೆಳಗೆ ಗಂಟೆ ಬೆಂಕಿ ಬಿದ್ದಂತೆ ಹೊಡೆದುಕೊಳ್ಳುತ್ತಿತ್ತು. ಮೇಲೆ ನಲವತ್ತು ಜನ ಇಳಿಯಲು ನಿಂತಿದ್ದರು. ಲಿಫ್ಟಪ್ಪ ಮೊಣಕಾಲಿನ ಧೂಳು ಕೊಡವಿ, ಟೋಪಿ ನೆಟ್ಟಗೆ ಮಾಡಿಕೊಂಡು, ಎಂಟು ತಲೆ ಎಣಿಸಿದ.

ನಾಲ್ಕೂವರೆಗೆ ಕಚೇರಿಯವರೆಲ್ಲ ಅಂಗಡಿ ಬೀದಿ ನೋಡಲು ಹೊರಟರು. ಹೆಂಡತಿ ಹೋಗಲಾರೆ ಎಂದಳು. ಗಂಡ ದುಡಿಯುತ್ತಿರುವಾಗ ತಾನೊಬ್ಬಳೇ ಅಲೆಯುವುದು ಅವಳಿಗೆ ಸರಿಬರಲಿಲ್ಲ. ಕೆಳಗೆ ಲಿಫ್ಟಿನ ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಳು. ಅವನು ಇಳಿದಾಗಲೆಲ್ಲ ಅವಳು ತಲೆಯೆತ್ತಿ ನೋಡುತ್ತಿದ್ದಳು, ಹತ್ತಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದಳು. ಎಷ್ಟನೆಯ ಸಲವೋ, ಅವನು ಜಾಲರಿಯೊಳಗಿನಿಂದಲೇ ಮೇಲಿನಿಂದ ಹೇಗೆ ಕಾಣುತ್ತದೆ ಎಂದು ಕೇಳಿದ.

"ಏನು ಹೇಳ್ಲಿ," ಅಂದಳು ಅವಳು. "ಹೇಳೋದಲ್ಲ ಅದು. ನೋಡ್ಬೇಕು."

ಆರು ಗಂಟೆಗೆ ಗೋಪುರ ಮುಚ್ಚುವ ಹೊತ್ತು. ಆರಕ್ಕೆ ಕಾಲು ಗಂಟೆಯಿರುವಾಗ ಕೆಳಗಿನ ಸಾಲು ಖಾಲಿಯಾಯಿತು. ಲಿಫ್ಟಪ್ಪನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮೇಲಿನಿಂದ ಕೊನೆಯ ತಂಡವನ್ನು ತಂದಿಳಿಸಿದ. ಮೇಲೆ ಇನ್ನೊಬ್ಬರು ಇದಾರೆ, ಕರೆದರೂ ಬರ್ತಿಲ್ಲ ಎಂದು ಇಳಿದವರು ಹೇಳಿದರು. ಮ್ಯಾನೇಜರು, ದಯವಿಟ್ಟು ಅವರೊಬ್ಬರನ್ನು ಕರೆತಂದುಬಿಡಿ, ಆಮೇಲೆ ಬೀಗ ಹಾಕೋಣ ಎಂದರು.

ಅವನು ಎಣಿಸುತ್ತ ಬಂದಿದ್ದ. ಇದು ಎಪ್ಪತ್ತೊಂದನೆಯ ಸಲ. ಆದರೆ ಈ ಸಲ ಲಿಫ್ಟಿನಲ್ಲಿ ಅವನೊಬ್ಬನೇ. ಕೆಳಗೆ ಗಂಟೆ ಬಾರಿಸುವವರು ಇಲ್ಲ. ಮೇಲೆ ಇಳಿಯಲು ಅವಸರಪಡುವವರೂ ಇಲ್ಲ. ಹತ್ತು ನಿಮಿಷ ಪೂರ್ತಿ ಅವನದೇ. ಅವನ ಎದೆ ಮದುಮಗನ ಎದೆಯಂತೆ ಹೊಡೆದುಕೊಂಡಿತು.

ಲಿಫ್ಟು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಎಡಕ್ಕೆ ತಿರುಗಿ, ಹನ್ನೆರಡು ಹೆಜ್ಜೆಯನ್ನೂ ನಡೆದ. ಬಾಲ್ಕನಿಯ ಬಾಗಿಲಿಗೆ ಬಂದ. ಮುಳುಗುವ ಸೂರ್ಯ ನೇರ ಎದುರಿಗಿದ್ದ. ಇಡೀ ದಿನ ಮಂಕು ದೀಪದ ಪೆಟ್ಟಿಗೆಯಲ್ಲಿದ್ದ ಕಣ್ಣಿಗೆ ಒಂದು ಬಿಂದಿಗೆ ಚಿನ್ನ ತಂದು ಮುಖಕ್ಕೆ ಸುರಿದಂತಾಯಿತು. ನಗರವಿಲ್ಲ, ನದಿಯಿಲ್ಲ, ಬರೀ ಬೆಳಕು. ಕಣ್ಣು ಒಗ್ಗಿಕೊಳ್ಳಲಿ ಎಂದು ಅವನು ಅಂಗೈ ಅಡ್ಡ ಹಿಡಿದು ನಿಂತ. ನಿಧಾನವಾಗಿ ಬೆಳಕಿನೊಳಗೆ ಕಟಕಟೆಗೆ ಒರಗಿ ನಿಂತ ಒಬ್ಬ ಮನುಷ್ಯನ ಬೆನ್ನು ಕಂಡಿತು.

"ಸಾರ್, ಮುಚ್ಚೋ ಹೊತ್ತಾಯ್ತು," ಎಂದ ಲಿಫ್ಟಪ್ಪ. ಆಮೇಲೆ, ತನ್ನ ಆಸೆಯೂ ಸೇರಿಕೊಂಡು, "ಅವಸರವೇನಿಲ್ಲ. ಇನ್ನೊಂದೈದು ನಿಮಿಷ ನೋಡ್ಬಹುದು," ಎಂದ.

ಆ ಮನುಷ್ಯ ತಿರುಗಿದ. ಕಣ್ಣು ಊದಿಕೊಂಡಿತ್ತು. ಖಾಕಿ ಕೋಟನ್ನು ಮೇಲಿಂದ ಕೆಳಗೆ ನೋಡಿದ.

"ಕೋಟು ನಿಮಗೆ ದೊಡ್ಡದಾಯ್ತಲ್ಲ ಅಣ್ಣಾ," ಅಂದ. "ಅದು ನಂದು."

ಗೋಪುರದ ಲಿಫ್ಟು ನಡೆಸುವವನು ಅವನೇ. ಹನ್ನೊಂದು ವರ್ಷದ ಸರ್ವೀಸು. ಬೆಳಿಗ್ಗೆ ಬಸ್ಸು ಕೆಟ್ಟು ಮುಕ್ಕಾಲು ಗಂಟೆ ತಡವಾಗಿತ್ತು. ಹೋದ ವಾರವೇ ಮ್ಯಾನೇಜರು, ಇನ್ನೊಂದು ದಿನ ತಡ ಮಾಡಿದರೆ ಮನೆಗೆ ಹೋಗು ಎಂದಿದ್ದರಂತೆ. ಓಡೋಡಿ ಬಂದು ನೋಡಿದರೆ ಲಿಫ್ಟಿನಲ್ಲಿ ಬೇರೊಬ್ಬ ನಿಂತು, ತನ್ನ ಕೋಟು ತೊಟ್ಟು, ತನಗಿಂತ ಸಲೀಸಾಗಿ ನಡೆಸುತ್ತಿದ್ದ. ಮುಗಿಯಿತು ಎಂದುಕೊಂಡ. ಮ್ಯಾನೇಜರ ಮುಖ ನೋಡುವ ಧೈರ್ಯವಾಗಲಿಲ್ಲ, ಮನೆಗೆ ಹೋಗಿ ಹೆಂಡತಿಗೆ ಹೇಳುವ ಧೈರ್ಯವೂ ಆಗಲಿಲ್ಲ. ಹನ್ನೊಂದು ವರ್ಷ ಜನರನ್ನು ಹೊತ್ತು ತಂದು ಹಾಕಿದೆ, ಒಂದು ದಿನವೂ ನಿಂತು ನೋಡಲಿಲ್ಲ, ಕೆಲಸ ಹೋದ ದಿನವಾದರೂ ನೋಡೋಣ ಎಂದು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಟಿಕೆಟ್ ತೆಗೆದುಕೊಂಡು ಹತ್ತಿದ್ದ.

"ನೀವೇ ಕರ್ಕೊಂಡು ಬಂದ್ರಿ. ತಲೆ ಎಣಿಸಿದ್ರಿ, ಮುಖ ನೋಡ್ಲಿಲ್ಲ. ನಾನೂ ಹಾಗೇನೇ," ಎಂದು ಅವನು ಮೂಗು ಒರೆಸಿಕೊಂಡ. "ಬೆಳಗಿಂದ ಇಲ್ಲೇ ನಿಂತಿದೀನಿ. ಏನು ನೋಡಿದ್ರೂ ಕಣ್ಣಲ್ಲಿ ನೀರು. ನದಿ ಯಾವ್ದು, ಕಣ್ಣೀರು ಯಾವ್ದು ಒಂದೂ ತಿಳೀಲಿಲ್ಲ."

ಇಡೀ ದಿನ ಲಿಫ್ಟಪ್ಪ ಯಾವನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ್ದನೋ ಅವನು ಇಡೀ ದಿನ ತನ್ನ ತಲೆಯ ಮೇಲ್ಗಡೆಯೇ ನಿಂತು ಅಳುತ್ತಿದ್ದ. ಸುಮ್ಮನಿದ್ದಿದ್ದರೆ ಇನ್ನೆರಡು ನಿಮಿಷದಲ್ಲಿ ಕಣ್ಣು ಒಗ್ಗಿಕೊಳ್ಳುತ್ತಿತ್ತು. ಆಗಲೇ ಬೆಳಕಿನ ಅಂಚಿನಲ್ಲಿ ಏನೋ ಒಂದು ಗೆರೆ, ಬೆಟ್ಟವೋ ಮೋಡವೋ, ಮೂಡತೊಡಗಿತ್ತು. ಆದರೆ ಇಂಥ ಮಾತನ್ನು ಎರಡು ನಿಮಿಷ ತಡೆದು ಹೇಳುವುದು ಯಾರಿಂದಾಗುತ್ತದೆ?

"ನಿಮ್ಮ ಕೆಲಸ ಎಲ್ಲೂ ಹೋಗಿಲ್ಲಪ್ಪ," ಅಂದ. "ನಾನು ಊರು ನೋಡೋಕೆ ಬಂದವನು. ಅವರು ಬೆಳಗಿಂದ ನಿಮ್ಮ ದಾರೀನೇ ಕಾಯ್ತಿದಾರೆ."

ಆ ಮನುಷ್ಯ ಕಣ್ಣು ಕಣ್ಣು ಬಿಟ್ಟ. ಮತ್ತೊಮ್ಮೆ ಹೇಳಿಸಿಕೊಂಡ. ಆಮೇಲೆ ಲಿಫ್ಟಪ್ಪನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಆಮೇಲೆ ಅವನ ತಲೆಯಿಂದ ಟೋಪಿ ತೆಗೆದು ತನ್ನ ತಲೆಗೆ ಹಾಕಿಕೊಂಡ. ಟೋಪಿ ಸರಿಯಾಗಿ ಕೂತಿತು. ಅದು ಕೂತದ್ದೇ ತಡ, ಅಳುತ್ತಿದ್ದವನ ಬೆನ್ನು ನೆಟ್ಟಗಾಯಿತು, ದನಿ ಗಟ್ಟಿಯಾಯಿತು. ಗೋಡೆಯ ಗಡಿಯಾರ ನೋಡಿದ. ಆರಕ್ಕೆ ಮೂರು ನಿಮಿಷ.

"ಬನ್ನಿ ಅಣ್ಣಾ. ಹೊತ್ತಾಯ್ತು."

"ಒಂದೆರಡು ನಿಮಿಷ," ಎಂದ ಲಿಫ್ಟಪ್ಪ. "ನಾನಿನ್ನೂ ನೋಡಿಲ್ಲ."

"ನಿಮಗೆ ಹೇಳಿಕೊಡ್ಬೇಕಾ? ಆರು ಹೊಡೆಯೋದ್ರೊಳಗೆ ಮೇಲೆ ಒಂದು ನರಪಿಳ್ಳೆ ಇರೋ ಹಾಗಿಲ್ಲ. ಇವತ್ತು ಬೇರೆ ತಡ ಮಾಡಿದೀನಿ. ಇಳಿಸೋದ್ರಲ್ಲೂ ತಡ ಮಾಡಿದ್ರೆ ಈ ಸಲ ನಿಜವಾಗಿ ಹೋಗುತ್ತೆ ಕೆಲಸ."

ಲಿಫ್ಟಪ್ಪನಾಗಿದ್ದರೂ ಇದನ್ನೇ ಹೇಳುತ್ತಿದ್ದ. ಆ ಮನುಷ್ಯ ಅವನ ತೋಳು ಹಿಡಿದು, ಬಹಳ ಪ್ರೀತಿಯಿಂದ, ಬಹಳ ಬಲವಾಗಿ, ಹನ್ನೆರಡು ಹೆಜ್ಜೆ ಹಿಂದಕ್ಕೆ ನಡೆಸಿಕೊಂಡು ಬಂದು ಲಿಫ್ಟಿನ ಮೂಲೆಯಲ್ಲಿ ನಿಲ್ಲಿಸಿದ. ಒಂದು ತಲೆ ಎಣಿಸಿದ. ಬಾಗಿಲೆಳೆದ. ನೆಲದ ಮೇಲಿನ ಬಿಸಿಲ ಪಟ್ಟಿ ಕಣ್ಣಿನ ಮಟ್ಟಕ್ಕೆ ಬಂತು, ಹಣೆಯ ಮಟ್ಟಕ್ಕೆ ಏರಿತು, ಹೋಯಿತು.

ಕೆಳಗೆ ಮ್ಯಾನೇಜರು ತಮ್ಮವನನ್ನು ಕಂಡು, ಬೈಯುವುದೋ ಅಪ್ಪಿಕೊಳ್ಳುವುದೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಲಿಫ್ಟಪ್ಪ ಕೋಟು ಬಿಚ್ಚಿ ಕೊಟ್ಟ. ನಾಳೆ ಬೆಳಿಗ್ಗೆ ಬನ್ನಿ ಅಣ್ಣಾ, ಮೊದಲನೇ ಟ್ರಿಪ್ಪು ನಿಮಗೇ, ಎಷ್ಟು ಹೊತ್ತು ಬೇಕಾದರೂ ನೋಡಿ ಎಂದು ಲಿಫ್ಟಿನವನು ಕರೆದ. ಅವನ ಕಣ್ಣಲ್ಲಿ ಮತ್ತೆ ನೀರಿತ್ತು.

ಆ ಹೊತ್ತಿಗೆ ಅಂಗಡಿ ಬೀದಿಯಿಂದ ಹೆಡ್ ಕ್ಲರ್ಕ್ ಬಂದಿದ್ದರು. ಬೆಳಿಗ್ಗೆಯ ಬಾಯಿ ಅವರಿಗೆ ವಾಪಸು ಬಂದಿತ್ತು. ನಾಳೆ ಎಲ್ಲಿ ಆಗುತ್ತೆ, ಐದೂವರೆಗೇ ನಮ್ಮ ಬಸ್ಸು ಹೊರಡುತ್ತೆ ಎಂದರು.

ಯಾವ ಊರಿಗೆ ಎಂದು ಲಿಫ್ಟಪ್ಪನ ಹೆಂಡತಿ ಕೇಳಿದಳು. ಅಲ್ಲಿಯಾದರೂ ಎತ್ತರದ ಜಾಗ ಏನಾದರೂ ಇದೆಯೇ ಎಂದು ಕೇಳಿದಳು.

"ಎತ್ತರ ಇಲ್ಲಮ್ಮ. ಹಳೇ ಗಣಿ. ಈಗ ಜನ ನೋಡೋಕೆ ಬಿಟ್ಟಿದಾರೆ. ನೆಲದೊಳಗೆ ಎಂಟುನೂರು ಅಡಿ. ಒಳಗೆ ಎಷ್ಟು ಕತ್ತಲು ಅಂದ್ರೆ, ಕಣ್ಣೆದುರು ಕೈ ಹಿಡಿದ್ರೂ ಕಾಣಲ್ವಂತೆ."

ಲಿಫ್ಟಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಬಹಳ ಸಣ್ಣ ದನಿಯಲ್ಲಿ ಕೇಳಿದ. "ಎಂಟುನೂರು ಅಡಿ ಹೇಗೆ ಇಳಿಸ್ತಾರೆ ಸಾರ್?"

ಹೆಡ್ ಕ್ಲರ್ಕ್ ಮುಖ ಅರಳಿಸಿ ಹತ್ತಿರ ಬಂದರು.

ಅಭಿಮಾನದಿಂದ ಅವನ ಬೆನ್ನು ತಟ್ಟಿದರು.